ಮಗುವಿಗೆ ನೀರು ಭೇದಿ ಹಿಡಿದರೆ: ರೋಟಾವೈರಸ್ ಎದುರಿಸಲು ಕೋಲಾರದ ಮನೆಗಳಿಗೊಂದು ಮಾರ್ಗದರ್ಶಿ

ನಮ್ಮ ಕೋಲಾರದ ಕಡೆ ವಾಂತಿ-ಭೇದಿ ಅಂದರೆ ಮಳೆಗಾಲದ ಕಾಯಿಲೆ, ಇಲ್ಲಾಂದ್ರೆ ಮಾವಿನ ಸುಗ್ಗಿಯ ಕಾಯಿಲೆ ಅನ್ನುವ ಲೆಕ್ಕ ಇದೆ. ನೊಣ ಜಾಸ್ತಿ ಆಗಿದೆ, ಬೋರ್ ನೀರು ಕೆಟ್ಟಿದೆ, ಮಗು ಹಣ್ಣು ಜಾಸ್ತಿ ತಿಂದಿದೆ ಅಂತ ಕಾರಣವೂ ಬಾಯಲ್ಲೇ ಇರುತ್ತದೆ. ಆದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ, ನೊಣವೂ ಇಲ್ಲದ, ಮಾವೂ ಇಲ್ಲದ ಹೊತ್ತಿನಲ್ಲಿ ಎಂಟು ತಿಂಗಳ ಮಗು ಇದ್ದಕ್ಕಿದ್ದ ಹಾಗೆ ವಾಂತಿ ಶುರು ಮಾಡಿ, ರಾತ್ರಿ ಕಳೆಯುವುದರೊಳಗೆ ನೀರು ನೀರಾಗಿ ಭೇದಿ ಮಾಡಿಕೊಂಡರೆ? ಅದರ ಹಿಂದೆ ಬಹಳ ಸಲ ಇರುವುದು ರೋಟಾವೈರಸ್. ವರ್ಷಪೂರ್ತಿ ಇರುತ್ತದೆ, ಚಳಿಗಾಲದಲ್ಲಿ ಇನ್ನಷ್ಟು ಏರುತ್ತದೆ. ಲಸಿಕೆ ಬರುವ ಮುಂಚೆ, ಭೇದಿ ಅಂತ ಆಸ್ಪತ್ರೆಗೆ ಸೇರುತ್ತಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ ಭಾರತದಲ್ಲಿ ಹೆಚ್ಚು ಕಡಿಮೆ ಹತ್ತಕ್ಕೆ ನಾಲ್ಕು ಮಕ್ಕಳಿಗೆ ಇದೇ ವೈರಸ್ ಇರುತ್ತಿತ್ತು.

ಈ ಲೇಖನ ಓದುವಾಗಲೇ ಮನೆಯಲ್ಲಿ ಮಗು ಭೇದಿ ಮಾಡುತ್ತಿದ್ದರೆ ಮೊದಲು ಎರಡನೇ ಮತ್ತು ಮೂರನೇ ಹೆಜ್ಜೆ ಓದಿ, ಉಳಿದದ್ದು ಆಮೇಲೆ. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲದಿದ್ದರೆ ಓದುವುದೇ ಬೇಡ, ಎದೆಹಾಲು ಕೊಡುತ್ತಾ ನೇರ ಆಸ್ಪತ್ರೆಗೆ ಹೋಗಿ.

ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಭೇದಿ ಆದ ಕೂಡಲೇ ನಮಗೆಲ್ಲ ಅದನ್ನು ನಿಲ್ಲಿಸಬೇಕು ಅನ್ನಿಸುತ್ತದೆ. ರೋಟಾವೈರಸ್ ಭೇದಿಯನ್ನು ನಿಲ್ಲಿಸುವ ಔಷಧಿ ಇಲ್ಲ. ಅದು ಮೂರರಿಂದ ಎಂಟು ದಿನ ಇದ್ದು ತಾನಾಗಿಯೇ ಹೋಗುತ್ತದೆ. ಮಗುವಿನ ಜೀವ ತೆಗೆಯುವುದು ವೈರಸ್ ಅಲ್ಲ, ಮೈಯಿಂದ ಹೊರಗೆ ಹೋದ ನೀರು ಮತ್ತು ಉಪ್ಪು. ಹೋದದ್ದನ್ನು ಹೋದ ಹಾಗೆ ವಾಪಸ್ ತುಂಬಿಸುತ್ತಾ ಇರುವುದೇ ಚಿಕಿತ್ಸೆ. ಕೆಳಗಿನ ಎಲ್ಲ ಹೆಜ್ಜೆಗಳೂ ಅದರ ಸುತ್ತಲೇ ಇವೆ.

ವೈರಸ್ ಬಗ್ಗೆ, ಅದರ ತಳಿಗಳ ಬಗ್ಗೆ

ರೋಟಾವೈರಸ್ಸನ್ನು ಮಕ್ಕಳಲ್ಲಿ ಗುರುತಿಸಿದ್ದು 1973ರಲ್ಲಿ. ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಪತ್ತೆ ಮಾಡಿದರು. ಐದು ವರ್ಷ ತುಂಬುವುದರೊಳಗೆ ಪ್ರಪಂಚದ ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ತಗಲುತ್ತದೆ. ಅಮೆರಿಕದ ಮಗುವಿಗೂ ತಗಲುತ್ತದೆ, ಮುಳಬಾಗಿಲಿನ ಮಗುವಿಗೂ ತಗಲುತ್ತದೆ. ಆದರೆ ಸಾಯುವ ಮಕ್ಕಳು ಬಹುತೇಕ ಬಡ ದೇಶಗಳವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2013ರಲ್ಲಿ ಪ್ರಪಂಚದಲ್ಲಿ ಸುಮಾರು 2,15,000 ಮಕ್ಕಳು ರೋಟಾವೈರಸ್‌ನಿಂದ ತೀರಿಕೊಂಡರು. ಅದರಲ್ಲಿ ಸುಮಾರು 47,000 ಮಕ್ಕಳು ನಮ್ಮ ದೇಶದವರು. ವೈರಸ್ ಒಂದೇ. ಆಸ್ಪತ್ರೆ ಎಷ್ಟು ದೂರ, ಮಗು ಎಷ್ಟು ಸೊರಗಿದೆ, ಓಆರ್‌ಎಸ್ (ಉಪ್ಪು, ಗ್ಲೂಕೋಸ್ ಅಳತೆಯಲ್ಲಿ ಕಲಸಿದ ನೀರು) ಯಾವ ಹೊತ್ತಿಗೆ ಬಾಯಿಗೆ ಬಿತ್ತು ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಇದರಲ್ಲಿ ಹಲವು ತಳಿಗಳಿವೆ. ವೈರಸ್ಸಿನ ಹೊರಪದರದಲ್ಲಿ ಎರಡು ಪ್ರೋಟೀನ್‌ಗಳಿದ್ದು, ಒಂದಕ್ಕೆ ಜಿ, ಇನ್ನೊಂದಕ್ಕೆ ಪಿ ಅಂತ ಗುರುತು. ಈ ಎರಡರ ಜೋಡಿಯಿಂದ ತಳಿಗೆ ಹೆಸರು: ಜಿ1ಪಿ8, ಜಿ2ಪಿ4, ಜಿ9ಪಿ8 ಹೀಗೆ. ಶ್ರೀಮಂತ ದೇಶಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ತಳಿಗಳದೇ ಕಾರುಬಾರು. ಭಾರತ, ಬಾಂಗ್ಲಾದೇಶ, ಆಫ್ರಿಕಾದ ದೇಶಗಳಲ್ಲಿ ಹಾಗಲ್ಲ. ಜಿ12, ಜಿ8, ಪಿ6 ಅಂಥವೂ ಸೇರಿ ತಳಿಗಳ ಸಂತೆಯೇ ಇರುತ್ತದೆ. ಒಂದೇ ಮಗುವಿನಲ್ಲಿ ಎರಡು ತಳಿ ಒಟ್ಟಿಗೆ ಸಿಗುವುದೂ ಉಂಟು. ವೈರಸ್ಸಿನ ಒಳಗೆ ಹನ್ನೊಂದು ತುಂಡು ಆರ್‌ಎನ್‌ಎ, ಅಂದರೆ ಅದರ ವಂಶವಾಹಿ, ಇರುವುದರಿಂದ, ಎರಡು ತಳಿ ಒಂದೇ ಜೀವಕೋಶದೊಳಗೆ ಸೇರಿದರೆ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು.

ಈ ಕತೆಯಲ್ಲಿ ನಮ್ಮ ಪಕ್ಕದ ಬೆಂಗಳೂರಿಗೂ ಒಂದು ಜಾಗ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡಕ್ಕೆ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರ ತಳಿ ಸಿಕ್ಕಿತು. ಶಿಶುಗಳ ಮಲದಲ್ಲಿ ವೈರಸ್ ಇತ್ತು, ಶಿಶುಗಳಿಗೆ ಭೇದಿ ಇರಲಿಲ್ಲ. ಐ321 ಅಂತ ಹೆಸರಿಟ್ಟ ಆ ಜಿ10ಪಿ11 ತಳಿಯ ಹನ್ನೊಂದು ತುಂಡುಗಳಲ್ಲಿ ಒಂಬತ್ತು ದನದ ರೋಟಾವೈರಸ್ಸಿನವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಮನೆಮನೆಯಲ್ಲಿ ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯವರು ಇದನ್ನು ಓದಿ ಗಾಬರಿಯಾಗುವುದು ಬೇಡ. ಹಸುವಿನ ವೈರಸ್ ನೇರವಾಗಿ ಮಗುವಿಗೆ ಕಾಯಿಲೆ ತರುವುದು ಅಪರೂಪ. ಸಗಣಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಮಗುವನ್ನು ಎತ್ತಿಕೊಳ್ಳಿ, ಅಷ್ಟು ಸಾಕು.

ಇಂಥದ್ದೇ ಇನ್ನೊಂದು ತಳಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕಿತ್ತು. ಅದರ ಹೆಸರು 116ಇ. ಎರಡನ್ನೂ ಲಸಿಕೆಗೆ ಪರೀಕ್ಷಿಸಿದಾಗ ಬೆಂಗಳೂರಿನ ತಳಿಗಿಂತ ದೆಹಲಿಯ ತಳಿಗೆ ಮಕ್ಕಳ ಮೈ ಚೆನ್ನಾಗಿ ಸ್ಪಂದಿಸಿತು. ಏಮ್ಸ್‌ನ ಮಕ್ಕಳ ತಜ್ಞ ಡಾ. ಎಂ.ಕೆ. ಭಾನ್ ಮತ್ತು ಅವರ ಸಂಗಡಿಗರ ಬಹಳ ವರ್ಷಗಳ ಕೆಲಸದ ಮೇಲೆ, ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಯಲ್ಲಿ ಅದೇ ರೋಟಾವ್ಯಾಕ್ ಲಸಿಕೆ ಆಯಿತು.

ತಾಯಂದಿರು ಕೇಳುವ ಪ್ರಶ್ನೆ ಒಂದಿದೆ: ಇಷ್ಟೊಂದು ತಳಿ ಇರುವಾಗ ಒಂದೇ ಲಸಿಕೆ ಎಲ್ಲದಕ್ಕೂ ಆಗುತ್ತಾ? ಆಗುತ್ತದೆ. ಮಲಾವಿ ದೇಶದಲ್ಲಿ ಜಿ1ಪಿ8 ತಳಿಯಿಂದ ಮಾಡಿದ ಲಸಿಕೆ ಕೊಟ್ಟು ನೋಡಿದಾಗ, ಅಲ್ಲಿ ಜಾಸ್ತಿ ಓಡಾಡುತ್ತಿದ್ದ ಜಿ12, ಜಿ8 ತಳಿಗಳ ಎದುರೂ ರಕ್ಷಣೆ ಸಿಕ್ಕಿತು. ನಮ್ಮ ರೋಟಾವ್ಯಾಕ್ ಕೂಡ ಜಿ9ಪಿ11 ತಳಿಯದು, ಆದರೂ ಬೇರೆ ತಳಿಗಳನ್ನು ತಡೆಯುತ್ತದೆ. ಯಾವ ತಳಿ ಅಂತ ತಿಳಿಯುವುದು ವಿಜ್ಞಾನಿಗಳಿಗೆ ಬೇಕು, ಲಸಿಕೆಯ ಮೇಲೆ ಕಣ್ಣಿಡಲು ಬೇಕು. ನಿಮ್ಮ ಮಗುವಿನ ಚಿಕಿತ್ಸೆಗೆ ಬೇಡ. ಅದಕ್ಕೆ ಅಂತ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಬೇಕಿಲ್ಲ.

ಹೆಜ್ಜೆ 1: ಹನಿ ತಪ್ಪಿಸಬೇಡಿ

ಸರ್ಕಾರದ ಲಸಿಕೆ ಪಟ್ಟಿಯಲ್ಲಿ ರೋಟಾ ಹನಿ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು. 2019ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂತು. ಇದು ಚುಚ್ಚುಮದ್ದಲ್ಲ, ಬಾಯಿಗೆ ಹಾಕುವುದು. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ, ಪೋಲಿಯೋ ಹನಿ ಮತ್ತು ಪೆಂಟಾ ಚುಚ್ಚುಮದ್ದಿನ ಜೊತೆಗೇ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ, ಉಪಕೇಂದ್ರದಲ್ಲಿ, ಅಂಗನವಾಡಿಯಲ್ಲಿ ನಡೆಯುವ ಗುರುವಾರದ ಲಸಿಕೆ ದಿನ ಪುಕ್ಕಟೆ. ರೋಟಾವ್ಯಾಕ್ ಆದರೆ ಐದು ಹನಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ರೋಟಾಸಿಲ್ ಆದರೆ ಸ್ವಲ್ಪ ಜಾಸ್ತಿ ಪ್ರಮಾಣ. ಎರಡೂ ಮೂರು ಡೋಸ್, ಎರಡೂ ಒಳ್ಳೆಯವು.

ತಾಯಿ ಕಾರ್ಡ್ ತೆಗೆದು ನೋಡಿ. ಮೂರು ಕಡೆಯೂ ತಾರೀಕು ಬಿದ್ದಿದೆಯಾ? ಮೊದಲ ಡೋಸ್ ತಡವಾಗಿದ್ದರೂ ಮಗುವಿಗೆ ವರ್ಷ ತುಂಬುವ ಮುಂಚೆ ಶುರು ಮಾಡಬಹುದು. ವರ್ಷ ತುಂಬಿದ ಮೇಲೆ ಮೊದಲ ಡೋಸ್ ಕೊಡುವುದಿಲ್ಲ. ಮೊದಲನೆಯದನ್ನು ವರ್ಷದೊಳಗೆ ಹಾಕಿಸಿದ್ದರೆ ಉಳಿದವನ್ನು ಮುಗಿಸಬಹುದು. ಬಾಣಂತನಕ್ಕೆ ತವರಿಗೆ ಹೋದಾಗ ಎರಡನೇ ಡೋಸ್ ತಪ್ಪುವುದು ನಮ್ಮ ಕಡೆ ಮಾಮೂಲು. ತವರು ಶ್ರೀನಿವಾಸಪುರದಲ್ಲಿದ್ದರೂ, ಗಡಿ ಆಚೆ ಪುಂಗನೂರಿನಲ್ಲಿದ್ದರೂ ಅಲ್ಲೇ ಹಾಕಿಸಿ, ಕಾರ್ಡ್ ಜೊತೆಯಲ್ಲಿರಲಿ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯಲು ಬೇರೆ ಊರುಗಳಿಂದ ಬಂದವರ ಮಕ್ಕಳಿಗೂ ಇಲ್ಲಿ ಹನಿ ಸಿಗುತ್ತದೆ. ನಿಮ್ಮ ಪಕ್ಕದಲ್ಲಿ ಅಂಥ ಮನೆ ಇದ್ದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ.

ಹನಿ ಹಾಕುವ ಮುಂಚೆ, ಹಾಕಿದ ಮೇಲೆ ಎದೆಹಾಲು ಕೊಡಬಹುದು. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು. ಮಗು ಉಗಿದುಬಿಟ್ಟರೆ ಸುಮ್ನೆ ಮನೆಗೆ ಬರಬೇಡಿ, ಅಲ್ಲೇ ನರ್ಸಿಗೆ ತೋರಿಸಿ.

"ಹನಿ ಹಾಕಿಸಿದ್ವಿ, ಆದರೂ ಭೇದಿ ಬಂತು" ಅನ್ನುವ ಮಾತು ಊರೂರಲ್ಲಿ ಕೇಳುತ್ತೇನೆ. ಇದಕ್ಕೆ ಉತ್ತರ ನೇರವಾಗಿ ಕೊಡಬೇಕು. ಮೊದಲನೆಯದು, ಭೇದಿ ತರುವ ರೋಗಾಣುಗಳು ಹತ್ತಾರು ಇವೆ, ಈ ಹನಿ ತಡೆಯುವುದು ರೋಟಾವನ್ನು ಮಾತ್ರ. ಎರಡನೆಯದು, ಬಡ ದೇಶಗಳಲ್ಲಿ ಈ ಲಸಿಕೆಯ ಬಲ ಕಡಿಮೆ. ಶ್ರೀಮಂತ ದೇಶಗಳಲ್ಲಿ ಜೋರಾದ ರೋಟಾ ಭೇದಿಯನ್ನು ನೂರಕ್ಕೆ 85ಕ್ಕಿಂತ ಹೆಚ್ಚು ತಡೆಯುವ ಲಸಿಕೆ ಮಲಾವಿಯಲ್ಲಿ ತಡೆದದ್ದು ನೂರಕ್ಕೆ 49. ದೆಹಲಿ, ಪುಣೆ, ವೆಲ್ಲೂರಿನಲ್ಲಿ ರೋಟಾವ್ಯಾಕ್ ಪರೀಕ್ಷೆ ನಡೆದಾಗ ಮೊದಲ ವರ್ಷದಲ್ಲಿ ಸಿಕ್ಕ ರಕ್ಷಣೆ ನೂರಕ್ಕೆ ಸುಮಾರು 56. ಹುಟ್ಟಿದಾಗಿನಿಂದ ಕರುಳಿಗೆ ಬೇರೆ ಬೇರೆ ಸೋಂಕು ತಾಗುತ್ತಲೇ ಇರುವುದು, ಅಪೌಷ್ಟಿಕತೆ, ತಾಯಿಯಿಂದ ಬಂದ, ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು, ಜೊತೆಗೇ ಕೊಡುವ ಪೋಲಿಯೋ ಹನಿ, ಇವೆಲ್ಲ ಸೇರಿ ಲಸಿಕೆಯ ಬಲವನ್ನು ತಗ್ಗಿಸುತ್ತವೆ.

ಹಾಗಾದರೆ ಯಾಕೆ ಹಾಕಿಸಬೇಕು? ಕಾಯಿಲೆ ಜಾಸ್ತಿ ಇರುವ ಕಡೆ ಅರ್ಧ ತಡೆದರೂ ಉಳಿಯುವ ಮಕ್ಕಳು ಜಾಸ್ತಿ. ಮಲಾವಿಯಲ್ಲಿ ಕೊಟ್ಟ ಲಸಿಕೆಯೇ ದಕ್ಷಿಣ ಆಫ್ರಿಕಾದಲ್ಲಿ ನೂರಕ್ಕೆ 77 ರಕ್ಷಣೆ ಕೊಟ್ಟಿತ್ತು. ಆದರೂ ಲಸಿಕೆ ಹಾಕಿದ ನೂರು ಮಕ್ಕಳಿಗೆ ಲೆಕ್ಕ ಹಾಕಿದರೆ, ಜೋರಾದ ಭೇದಿ ಹೆಚ್ಚು ತಪ್ಪಿದ್ದು ಮಲಾವಿಯಲ್ಲೇ. ನಮ್ಮ ಮಕ್ಕಳಿಗೆ ಈ ಹನಿ ಬೇಕಿರುವುದು ಇದಕ್ಕೇ. ಉಳಿದ ಅರ್ಧಕ್ಕೆ ನಾವು ಮನೆಯಲ್ಲಿ ತಯಾರಿರಬೇಕು.

ಹೆಜ್ಜೆ 2: ಮಗುವನ್ನು ನೋಡಿ, ಲಂಗೋಟಿ ಎಣಿಸುತ್ತಾ ಕೂರಬೇಡಿ

ರೋಟಾ ಸಾಮಾನ್ಯವಾಗಿ ಹೀಗೆ ಬರುತ್ತದೆ. ಮೊದಲು ಜ್ವರ, ವಾಂತಿ. ಆಮೇಲೆ ನೀರಿನಂಥ ಭೇದಿ. ರಕ್ತ ಇರುವುದಿಲ್ಲ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಹೆಚ್ಚು ಜೋರು, ಅದರಲ್ಲೂ ಮೊದಲ ಸಲ ತಗಲಿದಾಗ. ಆರೇಳು ಕಿಲೋ ತೂಗುವ ಮಗುವಿನ ಮೈ ಸಣ್ಣ ಚೊಂಬಿನ ಹಾಗೆ, ಸ್ವಲ್ಪ ಚೆಲ್ಲಿದರೂ ತಳ ಕಾಣುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಕುತ್ತಿಗೆ ನಿಲ್ಲಿಸಲಾಗದಷ್ಟು ಸೋತುಹೋಗಬಹುದು.

ಎಷ್ಟು ಸಲ ಆಯಿತು ಅನ್ನುವುದಕ್ಕಿಂತ ಮಗು ಹೇಗಿದೆ ಅನ್ನುವುದು ಮುಖ್ಯ. ಬೆಳಕಿಗೆ ಕರೆದುಕೊಂಡು ಬಂದು ನೋಡಿ. ಕಣ್ಣು ಒಳಗೆ ಹೋಗಿದೆಯಾ? ಅತ್ತರೆ ಕಣ್ಣೀರು ಬರುತ್ತಿದೆಯಾ? ಬಾಯಿ ಒಣಗಿದೆಯಾ? ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ? ಹೊಕ್ಕುಳಿಗೂ ಪಕ್ಕೆಗೂ ನಡುವಿನ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮೆಲ್ಲಗೆ ಹಿಡಿದೆತ್ತಿ ಬಿಡಿ. ಚೆನ್ನಾಗಿರುವ ಮಗುವಿನ ಚರ್ಮ ಬಿಟ್ಟ ಕೂಡಲೇ ಕೂರುತ್ತದೆ. ನೀರು ಬತ್ತಿದ ಮಗುವಿನಲ್ಲಿ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯುತ್ತದೆ. ಎರಡು ಸೆಕೆಂಡಿಗಿಂತ ಜಾಸ್ತಿ ನಿಂತರೆ ಮಗು ತುಂಬಾ ಅಪಾಯದಲ್ಲಿದೆ ಅಂತ ಅರ್ಥ.

ನಮ್ಮ ಅಜ್ಜಿಯರು "ನೆತ್ತಿ ಬಿದ್ದಿದೆ" ಅನ್ನುತ್ತಾರಲ್ವಾ, ಅದು ನಿಜವಾದ ಲಕ್ಷಣ. ಎಳೆ ಮಗುವಿನ ನಡುನೆತ್ತಿಯ ಮೆತ್ತನೆ ಜಾಗ ಗುಳಿ ಬೀಳುವುದು ಮೈಯಲ್ಲಿ ನೀರು ಕಡಿಮೆಯಾದಾಗ. ಅಜ್ಜಿ ಗುರುತಿಸಿದ್ದು ಸರಿ. ಅದಕ್ಕೆ ಹರಳೆಣ್ಣೆ ಮೆತ್ತಿ ಕಾಯುವುದು, ಕಾಲು ಹಿಡಿದು ತಲೆಕೆಳಗು ಮಾಡಿಸುವುದು ಬೇಡ. ನೆತ್ತಿ ಮೇಲೆ ಬರುವುದು ಹೊಟ್ಟೆಗೆ ನೀರು, ಉಪ್ಪು ಸೇರಿದಾಗ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ? ಮಗು ತೂಕಡಿಸುತ್ತಿದೆ, ಕರೆದರೆ ಕಣ್ಣು ಬಿಡುತ್ತಿಲ್ಲ, ಕುಡಿಯುತ್ತಿಲ್ಲ, ಮೊಲೆ ಹಿಡಿಯುತ್ತಿಲ್ಲ, ಕುಡಿಸಿದ್ದೆಲ್ಲ ವಾಂತಿ ಆಗುತ್ತಿದೆ, ಉಚ್ಚೆ ಹೊಯ್ದು ಆರು ಗಂಟೆ ಕಳೆದಿದೆ, ಚರ್ಮದ ಮಡಿಕೆ ಇಳಿಯುತ್ತಿಲ್ಲ, ಮಲದಲ್ಲಿ ರಕ್ತ ಇದೆ, ಜೋರು ಜ್ವರ ಇದೆ. ಇದರಲ್ಲಿ ಒಂದಿದ್ದರೂ ಹೊರಡಿ. ಹೊಟ್ಟೆ ಉಬ್ಬಿ, ಹಸಿರು ವಾಂತಿ ಮಾಡಿಕೊಂಡು, ಬಿಟ್ಟು ಬಿಟ್ಟು ಕಿರುಚಿ ಅಳುತ್ತಾ, ಕೆಂಪು ಜೆಲ್ಲಿಯಂಥ ಮಲ ಮಾಡಿದರೆ ಅದು ಕರುಳು ಒಂದರೊಳಗೊಂದು ಸಿಕ್ಕಿಕೊಂಡಿರುವ ಲಕ್ಷಣ. ಅಪರೂಪ, ಆದರೆ ಒಂದು ನಿಮಿಷವೂ ಕಾಯಬಾರದು.

ಹೆಜ್ಜೆ 3: ಓಆರ್‌ಎಸ್, ಸರಿಯಾಗಿ ಕಲಸಿ, ಚಮಚದಲ್ಲಿ ಕುಡಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಕೊಂಡಿದ್ದರು. ಕಾಲರಾ ಹಬ್ಬಿತು, ಡ್ರಿಪ್ ಬಾಟಲಿ ಖಾಲಿಯಾಯಿತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಅಂದು ಕುಡಿಸಿದವರು ಡಾಕ್ಟರುಗಳಲ್ಲ, ತಾಯಂದಿರು, ಅಣ್ಣತಮ್ಮಂದಿರು. ಹಾಗಾಗಿ ಇದು ನಮ್ಮಿಂದ ಆಗದ ಕೆಲಸ ಅಂತ ಯಾರೂ ಅಂದುಕೊಳ್ಳಬೇಡಿ.

ಇದು ಕೆಲಸ ಮಾಡುವ ರೀತಿ ಹೀಗೆ. ರೋಟಾವೈರಸ್ ಸಣ್ಣಕರುಳಿನ ಒಳಪದರವನ್ನು ಕೆಡಿಸುತ್ತದೆ, ಬರೀ ನೀರು ಕುಡಿಸಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಉಪ್ಪನ್ನೂ ಗ್ಲೂಕೋಸನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುವ ಒಂದು ದಾರಿ ಕರುಳಿನಲ್ಲಿ ತೆರೆದೇ ಇರುತ್ತದೆ. ಅವೆರಡರ ಹಿಂದೆ ನೀರೂ ಹೋಗುತ್ತದೆ. ಅದಕ್ಕೇ ಅಳತೆ ಮುಖ್ಯ. ಸಕ್ಕರೆ ಜಾಸ್ತಿಯಾದರೆ ಉಲ್ಟಾ ಮೈಯ ನೀರೇ ಕರುಳಿಗೆ ಬಂದು ಭೇದಿ ಹೆಚ್ಚುತ್ತದೆ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

ಪೊಟ್ಟಣ ತೆಗೆದುಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ದೊಡ್ಡ ಪೊಟ್ಟಣ 20.5 ಗ್ರಾಂ, ಅದಕ್ಕೆ ಒಂದು ಲೀಟರ್ ನೀರು. 200 ಮಿಲಿಗೆ ಕಲಸುವ ಸಣ್ಣ ಪೊಟ್ಟಣವೂ ಬರುತ್ತದೆ, ಅದನ್ನು ಒಂದು ಲೋಟಕ್ಕೆ ಕಲಸಬೇಕು. ಆಶಾ ಕಾರ್ಯಕರ್ತೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಭೇದಿ ಬಂದ ಮೇಲೆ ಹುಡುಕಬೇಡಿ, ಎರಡು ಪೊಟ್ಟಣ ಈಗಲೇ ಮನೆಯಲ್ಲಿಡಿ. ಅಂಗಡಿಯ ಫ್ರಿಜ್ಜಿನಲ್ಲಿರುವ ಬಣ್ಣದ ಟೆಟ್ರಾ ಪ್ಯಾಕುಗಳನ್ನು ಓಆರ್‌ಎಸ್ ಅಂತ ನಂಬಬೇಡಿ. ಅವುಗಳಲ್ಲಿ ಸಕ್ಕರೆ ಬಹಳ ಜಾಸ್ತಿ ಇರುತ್ತದೆ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಬಾರದು ಅಂತ ಆದೇಶವನ್ನೇ ಹೊರಡಿಸಿತು.

ಕಲಸುವುದು ಹೀಗೆ. ಕೈಯನ್ನು ಸೋಪಿನಿಂದ ತೊಳೆಯಿರಿ. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಕಾಯಿಸಿ ಆರಿಸಿದ ನೀರು ಒಳ್ಳೆಯದು, ಊರಿನ ಶುದ್ಧ ನೀರಿನ ಘಟಕದ ನೀರೂ ಆಗುತ್ತದೆ. ಕಾಯಿಸುವಷ್ಟು ಹೊತ್ತಿಲ್ಲದಿದ್ದರೆ ನೀವು ಕುಡಿಯುವ ನೀರಿನಲ್ಲೇ ಕಲಸಿ, ತಡ ಮಾಡಬೇಡಿ. ಇಡೀ ಪೊಟ್ಟಣ ಹಾಕಿ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಒಂದು ಲೋಟಕ್ಕೆ ಹಾಕುವುದೇ ಬಹಳ ಮನೆಗಳಲ್ಲಿ ಆಗುವ ತಪ್ಪು. ಸಕ್ಕರೆ, ಹಾಲು, ಹಣ್ಣಿನ ರಸ ಏನೂ ಸೇರಿಸಬೇಡಿ. ಕಲಸಿದ ಮೇಲೆ ಕುದಿಸಬೇಡಿ. ಮುಚ್ಚಿಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಕಲಸಿ.

ಪೊಟ್ಟಣ ಸಿಗದೇ ಹೋದರೆ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಇದು ಪೊಟ್ಟಣ ತರುವವರೆಗೆ ಮಾತ್ರ.

ಎಷ್ಟು ಕೊಡಬೇಕು? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಮಿಲಿ, ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡು ವರ್ಷ ದಾಟಿದ ಮಗುವಿಗೆ 100ರಿಂದ 200 ಮಿಲಿ. ಇದು ಕನಿಷ್ಠ. ಮಗು ಇನ್ನೂ ಬೇಕು ಅಂದರೆ ಇನ್ನೂ ಕೊಡಿ.

ಹೇಗೆ ಕೊಡಬೇಕು ಅನ್ನುವುದು ಎಷ್ಟು ಅನ್ನುವುದಕ್ಕಿಂತ ಮುಖ್ಯ. ಬಾಯಾರಿದ ಮಗುವಿಗೆ ಲೋಟ ಕೊಟ್ಟರೆ ಗಟಗಟ ಕುಡಿದು ಎಲ್ಲ ವಾಂತಿ ಮಾಡಿಬಿಡುತ್ತದೆ. "ಓಆರ್‌ಎಸ್ ನಿಲ್ತಿಲ್ಲ, ಡ್ರಿಪ್ ಹಾಕಿಸಿ" ಅನ್ನುವ ಮಾತು ಹುಟ್ಟುವುದು ಇಲ್ಲೇ. ಮಗುವನ್ನು ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸಿಕೊಳ್ಳಿ. ಒಂದು ಟೀ ಚಮಚ. ನುಂಗಲಿ. ಒಂದು ನಿಮಿಷ ಬಿಟ್ಟು ಇನ್ನೊಂದು ಚಮಚ. ಎಳೆ ಮಗುವಾದರೆ ಮನೆಯ ಒಳಲೆ ತೊಳೆದು, ಕುದಿಸಿ ತೆಗೆದು ಅದರಲ್ಲೇ ಹನಿಹನಿಯಾಗಿ ಬಿಡಿ. ನಿಪ್ಪಲ್ ಬಾಟಲಿ ಬೇಡ, ಅದನ್ನು ಒಳಗೆ ಪೂರ್ತಿ ತೊಳೆಯಲು ಆಗುವುದಿಲ್ಲ. ನಿಮಿಷಕ್ಕೊಂದು ಚಮಚ ಅಂದರೆ ಗಂಟೆಗೆ 300 ಮಿಲಿ ಆಯಿತು. ಆರು ಕಿಲೋ ಮಗುವಿಗೆ ಅದು ಸಣ್ಣ ಪ್ರಮಾಣವಲ್ಲ. ವಾಂತಿ ಆದರೆ ಹತ್ತು ನಿಮಿಷ ಸುಮ್ಮನಿರಿ, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರು ಮಾಡಿ. ವಾಂತಿಯಾದದ್ದಕ್ಕಿಂತ ಒಳಗೆ ಉಳಿದದ್ದೇ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ.

ರಾತ್ರಿಯಿಡೀ ಹೀಗೆ ಕೂರಬೇಕಾಗುತ್ತದೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ಅಪ್ಪನೂ ಚಮಚ ಹಿಡಿಯಲಿ. ತಾಯಿ ಬೆಳಿಗ್ಗೆ ಟೊಮೆಟೊ ಬಿಡಿಸಲು ಹೋಗಲೇಬೇಕಾದ ಮನೆಯಲ್ಲಿ, ಹೋಗುವ ಮುಂಚೆ ಅಜ್ಜಿಗೆ ಬಾಟಲಿ, ಚಮಚ, ಪೊಟ್ಟಣ ಮೂರನ್ನೂ ಕೈಗೆ ಕೊಟ್ಟು ಒಂದು ಸಲ ಮಾಡಿಸಿ ನೋಡಿ.

ಹೆಜ್ಜೆ 4: ಎದೆಹಾಲು, ಊಟ, ಜಿಂಕ್

"ಹೊಟ್ಟೆ ಕೆಟ್ಟಿದೆ, ಒಪ್ಪತ್ತು ಖಾಲಿ ಬಿಡು" ಅನ್ನುವುದು ದೊಡ್ಡವರಿಗೆ ಸರಿಯೋ ಏನೋ, ಮಗುವಿಗೆ ಸರಿಯಲ್ಲ. ಎದೆಹಾಲು ನಿಲ್ಲಿಸಲೇಬೇಡಿ, ಮುಂಚಿಗಿಂತ ಜಾಸ್ತಿ ಸಲ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನ-ಬೇಳೆ, ಬಾಳೆಹಣ್ಣು, ಮೊಸರನ್ನ, ಇಡ್ಲಿ ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ. ಗಂಜಿಗೆ ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿದರೆ ಬಲ ಬರುತ್ತದೆ. ತಿಳಿ ಮಜ್ಜಿಗೆ, ಬೇಳೆ ಕಟ್ಟು, ಎಳನೀರು ಕೊಡಬಹುದು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದು ಓಆರ್‌ಎಸ್ ಬದಲಿಗೆ ಅಲ್ಲ, ಜೊತೆಗೆ.

ಜಿಂಕ್ ಮಾತ್ರೆ ಓಆರ್‌ಎಸ್ ಜೊತೆಗೇ ಕೇಳಿ ಪಡೆಯಿರಿ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅಂದರೆ ಒಂದು ಮಾತ್ರೆ. ಎರಡರಿಂದ ಆರು ತಿಂಗಳ ಮಗುವಿಗೆ 10 ಮಿಲಿಗ್ರಾಂ, ಅರ್ಧ ಮಾತ್ರೆ. ಚಮಚದಲ್ಲಿ ಎದೆಹಾಲು ಅಥವಾ ನೀರಿಗೆ ಹಾಕಿದರೆ ಕರಗುತ್ತದೆ. ಒಟ್ಟು 14 ದಿನ. ಭೇದಿ ಐದನೇ ದಿನಕ್ಕೆ ನಿಂತಿತು ಅಂತ ಮಾತ್ರೆಯನ್ನೂ ನಿಲ್ಲಿಸುವವರೇ ಜಾಸ್ತಿ. ಪೂರ್ತಿ ಮುಗಿಸಿದರೆ ಕರುಳು ಬೇಗ ಚೇತರಿಸುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಆಗುವ ಸಾಧ್ಯತೆಯೂ ತಗ್ಗುತ್ತದೆ.

ಹೆಜ್ಜೆ 5: ಇವನ್ನು ಕೊಡಬೇಡಿ

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಭೇದಿ ನಿಲ್ಲಿಸುವ ಮಾತ್ರೆ, ಲೋಪೆರಮೈಡ್ ಅಂಥದ್ದು, ಮಕ್ಕಳಿಗೆ ಅಪಾಯ. ಕರುಳಿನ ಚಲನೆಯನ್ನೇ ಕಟ್ಟಿಹಾಕುತ್ತದೆ. ಹೊರಗೆ ಭೇದಿ ಕಾಣುವುದಿಲ್ಲ, ಒಳಗೆ ನೀರು ತುಂಬಿ ಹೊಟ್ಟೆ ಉಬ್ಬುತ್ತದೆ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ರಕ್ತಭೇದಿ, ಕಾಲರಾ ಅಂಥವಕ್ಕೆ ಡಾಕ್ಟರ್ ಬರೆದುಕೊಟ್ಟರೆ ಸರಿ, ನೀವಾಗಿಯೇ ಸಿರಪ್ ತಂದು ಕುಡಿಸಬೇಡಿ. ಕಾಫಿ, ಟೀ, ಬಣ್ಣದ ಸೋಡಾ, ಬರೀ ಗ್ಲೂಕೋಸ್ ಪುಡಿಯ ನೀರು ಬೇಡ. ಮಾಚಿಕಾಯಿ, ಜಾಯಿಕಾಯಿ ತೇದು ನೆಕ್ಕಿಸುವ ರೂಢಿ ನಮ್ಮಲ್ಲಿ ಇದೆ. ಅದನ್ನು ನಂಬಿ ಓಆರ್‌ಎಸ್ ತಡವಾದರೆ ಕಳೆದುಹೋಗುವುದು ಮಗುವಿಗೆ ಬೇಕಿದ್ದ ಹೊತ್ತು.

"ಹಲ್ಲು ಬರ್ತಿದೆ, ಅದಕ್ಕೆ ಭೇದಿ" ಅನ್ನುವ ಸಮಾಧಾನವೂ ಬೇಡ. ಹಲ್ಲು ಬರುವ ವಯಸ್ಸೂ ರೋಟಾ ಕಾಡುವ ವಯಸ್ಸೂ ಒಂದೇ ಆಗಿರುವುದರಿಂದ ಹಾಗೆ ಅನ್ನಿಸುತ್ತದೆ.

ಹೆಜ್ಜೆ 6: ಆಸ್ಪತ್ರೆಗೆ ಹೋಗುವಾಗ

108ಕ್ಕೆ ಫೋನ್ ಮಾಡಿ. ದಾರಿಯುದ್ದಕ್ಕೂ ಮಗು ಎಚ್ಚರವಾಗಿದ್ದು ನುಂಗುತ್ತಿದ್ದರೆ ಚಮಚದಲ್ಲಿ ಓಆರ್‌ಎಸ್ ಕೊಡುತ್ತಲೇ ಇರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಯಾವುದು ಬೇಗ ಸಿಗುತ್ತದೋ ಅಲ್ಲಿಗೆ ಹೋಗಿ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಕೊನೆಯ ಉಚ್ಚೆ ಯಾವಾಗ, ವಾಂತಿ ಎಷ್ಟು ಸಲ, ಏನೇನು ಕುಡಿಸಿದ್ದೀರಿ ಅನ್ನುವುದನ್ನು ನೇರವಾಗಿ ಹೇಳಿ, ಕೊಟ್ಟ ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ.

ನೀರು ಸ್ವಲ್ಪ ಬತ್ತಿದ್ದರೆ ಅಲ್ಲೇ ಕೂರಿಸಿ ನಾಲ್ಕು ಗಂಟೆಯಲ್ಲಿ ಕಿಲೋಗೆ 75 ಮಿಲಿಯಂತೆ ಓಆರ್‌ಎಸ್ ಕುಡಿಸುತ್ತಾರೆ. ಎಂಟು ಕಿಲೋ ಮಗುವಿಗೆ 600 ಮಿಲಿ. "ಇದನ್ನು ಮನೆಯಲ್ಲೇ ಕುಡಿಸ್ತಿದ್ವಿ, ಡ್ರಿಪ್ ಹಾಕಲ್ವಾ" ಅಂತ ಎದ್ದು ಬರಬೇಡಿ. ಅದೇ ಸರಿಯಾದ ಚಿಕಿತ್ಸೆ, ನಾಲ್ಕು ಗಂಟೆ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿ ನೋಡುತ್ತಾರೆ. ಡ್ರಿಪ್ ಬೇಕಿರುವುದು ತೀರಾ ಬತ್ತಿದ, ಕುಡಿಯಲಾಗದ ಮಗುವಿಗೆ.

ಹೆಜ್ಜೆ 7: ಮನೆಯ ಇನ್ನೊಂದು ಮಗುವಿಗೆ ಹರಡದಂತೆ

ರೋಟಾ ಬಾಯಿಯಿಂದ ಒಳಗೆ ಹೋಗುತ್ತದೆ, ಮಲದಲ್ಲಿ ಹೊರಗೆ ಬರುತ್ತದೆ. ಕಾಯಿಲೆ ಮಗುವಿನ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ವೈರಸ್ ಇರುತ್ತದೆ, ಇನ್ನೊಂದು ಮಗುವಿಗೆ ಕಾಯಿಲೆ ತರಲು ನೂರು ಸಹ ಬೇಕಿಲ್ಲ. ಕೈ ಮೇಲೆ ಗಂಟೆಗಟ್ಟಲೆ, ಆಟಿಕೆ, ನೆಲ, ತೊಟ್ಟಿಲ ಕಂಬಿಯ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಒಳ್ಳೆಯ ನೀರಿನ ವ್ಯವಸ್ಥೆ ಇರುವ ದೇಶಗಳಲ್ಲೂ ಎಲ್ಲ ಮಕ್ಕಳಿಗೂ ತಗಲುವುದು ಇದಕ್ಕೇ. ಸ್ವಚ್ಛತೆ ಒಂದರಿಂದಲೇ ತಡೆಯಲಾಗದು, ಹನಿಯೂ ಬೇಕು. ಆದರೆ ಕಾಲರಾ, ಟೈಫಾಯ್ಡ್, ರಕ್ತಭೇದಿಯನ್ನು ದೂರ ಇಡಲು ಸ್ವಚ್ಛತೆ ಬೇಕೇ ಬೇಕು.

ಮಲ ತೊಳೆದ ಮೇಲೆ, ಅಡುಗೆಗೆ ಮುಂಚೆ, ಮಗುವಿಗೆ ತಿನ್ನಿಸುವ ಮುಂಚೆ ಸೋಪು. ಎಳೆ ಮಗುವಿನ ಮಲಕ್ಕೆ ಹೇಸಿಗೆ ಇಲ್ಲ ಅಂತ ಅಂಗಳದ ಮೂಲೆಗೆ ಎಸೆಯುವುದು ಬೇಡ, ಕಕ್ಕಸಿಗೇ ಹಾಕಿ. ಲಂಗೋಟಿಯನ್ನು ಬೇರೆ ಬಕೆಟ್ಟಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಭೇದಿ ನಿಂತ ಮೇಲೂ ಹತ್ತಿರ ಹತ್ತಿರ ಹತ್ತು ದಿನ ವೈರಸ್ ಹೊರಗೆ ಬರುತ್ತಿರುತ್ತದೆ, ಅಲ್ಲಿಯವರೆಗೂ ಇದೇ ಎಚ್ಚರ ಇರಲಿ.

ನೀರಿನ ಬಗ್ಗೆ ನಮ್ಮ ಜಿಲ್ಲೆಗೇ ಅಂತ ಒಂದು ಮಾತು. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಊರು ನಮ್ಮದು. ಆಳದ ಬೋರು, ಟ್ಯಾಂಕರು, ಕಾಯಿನ್ ಹಾಕಿ ಹಿಡಿಯುವ ಘಟಕದ ನೀರಿನಲ್ಲೇ ಬದುಕು. ಘಟಕದಲ್ಲಿ ನೀರು ಶುದ್ಧವಾಗಿಯೇ ಬರುತ್ತದೆ ಅಂದುಕೊಳ್ಳೋಣ. ಆದರೆ ಇಪ್ಪತ್ತು ಲೀಟರಿನ ಕ್ಯಾನನ್ನು ಒಳಗೆ ಕೈಯಾಡಿಸಿ ತೊಳೆದದ್ದು ಯಾವಾಗ? ಒಳಗೋಡೆಗೆ ಬೆರಳು ಹಾಕಿ ನೋಡಿ, ಲೋಳೆಯಂತೆ ಜಾರಿದರೆ ಬ್ರಷ್ ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ. ಬಿಂದಿಗೆಗೆ ಕೈ ಸಮೇತ ಲೋಟ ಅದ್ದುವುದನ್ನು ಬಿಟ್ಟು ಉದ್ದ ಹಿಡಿಯ ಸೌಟು ಇಡಿ, ಇಲ್ಲಾ ನಲ್ಲಿ ಇರುವ ಪಾತ್ರೆಗೆ ತುಂಬಿಸಿ.

ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ, ಇಳಿದ ತೂಕ ಏರಬೇಕು. ಅಂಗನವಾಡಿಯಲ್ಲಿ ತೂಕ ಹಾಕಿಸಿ. ಮಗುವಿಗೆ ರೋಟಾ ಒಮ್ಮೆ ಬಂದು ಹೋಗಿದೆ, ಇನ್ನು ಹನಿ ಯಾಕೆ ಅನ್ನಬೇಡಿ. ವೆಲ್ಲೂರಿನಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ಅಧ್ಯಯನದಲ್ಲಿ, ಮೂರು ಸಲ ಸೋಂಕು ತಗಲಿದ ಮೇಲೆ ಸಿಕ್ಕ ರಕ್ಷಣೆಯೂ ಪೂರ್ತಿ ಇರಲಿಲ್ಲ. ಬಾಕಿ ಇರುವ ಡೋಸನ್ನು ಮಗು ಚೇತರಿಸಿಕೊಂಡ ಮೇಲೆ ಬರುವ ಮೊದಲ ಗುರುವಾರವೇ ಹಾಕಿಸಿ, ಕಾರ್ಡಿನಲ್ಲಿ ತಾರೀಕು ಬರೆಸಿಕೊಂಡು ಬನ್ನಿ.